ಕಾಣೆಯಾದವರ ತಾಯಂದಿರು: ಅರ್ಜೆಂಟೀನಾದ ಒಂದು ಜನಹೋರಾಟ



ಹಕ್ಕು ಎಂದ ಕೂಡಲೇ ನಮ್ಮ ನೆನಪಿಗೆ ಬರುವುದು ಪೌರನೀತಿಯ ಪಠ್ಯಪುಸ್ತಕ. ಪೊಲೀಸರು ಒಬ್ಬ ವ್ಯಕ್ತಿಯನ್ನು ಬಂಧಿಸಿದರೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಆತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ನಮ್ಮ ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಬಂಧನ ಅಕ್ರಮವೆನಿಸಿದರೆ ಹೇಬಿಯಸ್ ಕಾರ್ಪಸ್ ಅರ್ಜಿಯ ಮೂಲಕ ಉಚ್ಚ ನ್ಯಾಯಾಲಯವನ್ನೋ ಸರ್ವೋಚ್ಚ ನ್ಯಾಯಾಲಯವನ್ನೋ ಕೇಳಿಕೊಳ್ಳಬಹುದು. ಈ ಏರ್ಪಾಡುಗಳ ಹಿಂದೆ ಒಂದು ಸರಳವಾದ ನಂಬಿಕೆ ಇದೆ. ಬಂಧಿತನಾದವನ ಹೆಸರು ಯಾವುದಾದರೂ ಒಂದು ಠಾಣೆಯ ಪುಸ್ತಕದಲ್ಲಿ ಬರೆದಿರುತ್ತದೆ ಎಂಬುದೇ ಆ ನಂಬಿಕೆ.

ಆದರೆ ಅಂಥ ಪುಸ್ತಕವೇ ಇಲ್ಲದಿದ್ದರೆ? "ಅಂಥವರನ್ನು ನಾವು ಬಂಧಿಸಿಯೇ ಇಲ್ಲ, ಅವರು ಎಲ್ಲಿದ್ದಾರೋ ನಮಗೆ ಗೊತ್ತಿಲ್ಲ" ಎಂದು ಸರ್ಕಾರವೇ ಹೇಳಿಬಿಟ್ಟರೆ? ಆಗ ಹಕ್ಕನ್ನು ಕೇಳುವುದು ಯಾರ ಹೆಸರಿನಲ್ಲಿ? ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಸಾವಿರಾರು ಕುಟುಂಬಗಳ ಮುಂದೆ ಎದ್ದು ನಿಂತ ಪ್ರಶ್ನೆ ಇದು. ಅದಕ್ಕೆ ಉತ್ತರ ಹುಡುಕಲು ಹೊರಟವರು ರಾಜಕೀಯ ಪಕ್ಷಗಳಲ್ಲ, ವಕೀಲರ ಸಂಘಗಳೂ ಅಲ್ಲ. ಅವರಲ್ಲಿ ಬಹುಪಾಲು ಅಡುಗೆಮನೆಯಿಂದ ನೇರವಾಗಿ ಬೀದಿಗೆ ಬಂದ ಗೃಹಿಣಿಯರು.

ಸೇನೆಯ ಆಡಳಿತ

ಭೂಪಟವನ್ನು ತೆರೆದು ನೋಡಿದರೆ ದಕ್ಷಿಣ ಅಮೆರಿಕ ಖಂಡದ ತೆಂಕಣ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದ ಕಡೆಗೆ ಚಾಚಿಕೊಂಡಿರುವ ವಿಶಾಲವಾದ ದೇಶ ಅರ್ಜೆಂಟೀನಾ. ಅದರ ರಾಜಧಾನಿ ಬ್ಯೂನಸ್ ಐರಿಸ್. ಗೋಧಿ ಮತ್ತು ಗೋಮಾಂಸದ ರಫ್ತಿನಿಂದ ಶ್ರೀಮಂತವಾಗಿದ್ದ ಈ ದೇಶದಲ್ಲಿ 1930ರಿಂದಾಚೆಗೆ ಸೇನೆ ಮತ್ತೆ ಮತ್ತೆ ಅಧಿಕಾರವನ್ನು ಕಸಿದುಕೊಳ್ಳುತ್ತಿತ್ತು. ಎಪ್ಪತ್ತರ ದಶಕದ ಆರಂಭದ ಹೊತ್ತಿಗೆ ಪರಿಸ್ಥಿತಿ ತೀರ ಹದಗೆಟ್ಟಿತ್ತು. ಒಂದು ಕಡೆ ಸಶಸ್ತ್ರ ಎಡಪಂಥೀಯ ಗುಂಪುಗಳು ಅಪಹರಣ, ಹತ್ಯೆಗಳಲ್ಲಿ ತೊಡಗಿದ್ದವು. ಮತ್ತೊಂದು ಕಡೆ ಸರ್ಕಾರದೊಳಗಿನವರ ಬೆಂಬಲವಿದ್ದ ಬಲಪಂಥೀಯ ಕೊಲೆಗಡುಕರ ತಂಡಗಳು ತಮಗಾಗದವರನ್ನು ಮುಗಿಸುತ್ತಿದ್ದವು. ಹಣದುಬ್ಬರ ಮಿತಿ ಮೀರಿತ್ತು.

1976ರ ಮಾರ್ಚ್ 24ರಂದು ಸೇನೆಯು ಅಧ್ಯಕ್ಷೆ ಇಸಬೆಲ್ ಪೆರೋನ್ ಅವರನ್ನು ಪದಚ್ಯುತಗೊಳಿಸಿತು. ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಮೂವರು ಮುಖ್ಯಸ್ಥರ ಕೂಟವೊಂದು ಅಧಿಕಾರಕ್ಕೆ ಬಂದಿತು. ಭೂಸೇನೆಯ ಹೋರ್ಹೆ ರಫಾಯೆಲ್ ವಿದೇಲಾ ಅಧ್ಯಕ್ಷನಾದ. ಸಂಸತ್ತು ಮುಚ್ಚಿತು, ಪಕ್ಷಗಳ ಚಟುವಟಿಕೆ ನಿಂತಿತು, ಪತ್ರಿಕೆಗಳ ಬಾಯಿ ಕಟ್ಟಿತು. ಹಲವರು ಇದನ್ನು ಸ್ವಾಗತಿಸಿದ್ದೂ ಉಂಟು. ಗೊಂದಲ ಮುಗಿದರೆ ಸಾಕು ಎಂಬ ಭಾವನೆ ಜನರಲ್ಲಿತ್ತು.

ಆದರೆ ಹೊಸ ಆಡಳಿತ ಶಿಸ್ತಿನ ಹೆಸರಿನಲ್ಲಿ ಕೈಗೊಂಡ ಕಾರ್ಯಾಚರಣೆ ಬೇರೆಯೇ ಬಗೆಯದು. ರಾತ್ರಿ ಹೊತ್ತು ನಂಬರ್ ಫಲಕವಿಲ್ಲದ ಕಾರುಗಳಲ್ಲಿ ಸಾದಾ ಉಡುಪಿನ ಆಯುಧಧಾರಿಗಳು ಬರುತ್ತಿದ್ದರು. ಮನೆಗೆ ನುಗ್ಗಿ ಬೇಕಾದವರನ್ನು ಎಳೆದೊಯ್ಯುತ್ತಿದ್ದರು. ವಾರಂಟು ಇಲ್ಲ, ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ಹೀಗೆ ಒಯ್ದವರನ್ನು ದೇಶದಾದ್ಯಂತ ಇದ್ದ ಸುಮಾರು 340 ಗುಪ್ತ ಬಂಧನ ಕೇಂದ್ರಗಳಲ್ಲಿ ಇರಿಸಲಾಗುತ್ತಿತ್ತು. ರಾಜಧಾನಿಯಲ್ಲಿದ್ದ ನೌಕಾಪಡೆಯ ಯಾಂತ್ರಿಕ ತರಬೇತಿ ಶಾಲೆ ಇವುಗಳಲ್ಲಿ ಅತ್ಯಂತ ಕುಖ್ಯಾತವಾದದ್ದು. ಅಲ್ಲಿಗೆ ಒಯ್ಯಲ್ಪಟ್ಟ ಸುಮಾರು 5,000 ಮಂದಿಯಲ್ಲಿ ಬದುಕಿ ಹೊರಬಂದವರು ಕೆಲವರು ಮಾತ್ರ. ಚಿತ್ರಹಿಂಸೆಯ ನಂತರ ಅನೇಕರಿಗೆ ಮತ್ತು ಬರಿಸುವ ಚುಚ್ಚುಮದ್ದು ಕೊಟ್ಟು, ವಿಮಾನದಲ್ಲಿ ಒಯ್ದು, ಜೀವಂತವಾಗಿಯೇ ನದಿಗೋ ಸಮುದ್ರಕ್ಕೋ ಎಸೆಯಲಾಯಿತು. ಆ ವಿಮಾನಗಳಲ್ಲಿ ಹೋಗಿದ್ದ ನೌಕಾಧಿಕಾರಿ ಅದೊಲ್ಫೊ ಸಿಲಿಂಗೊ 1995ರಲ್ಲಿ ಇದನ್ನು ಬಹಿರಂಗವಾಗಿ ಒಪ್ಪಿಕೊಂಡ.

ಒಯ್ಯಲ್ಪಟ್ಟವರು ಯಾರು? ಮುಂದೆ ತನಿಖಾ ಆಯೋಗ ಸಂಗ್ರಹಿಸಿದ ದಾಖಲೆಗಳ ಪ್ರಕಾರ ಅವರಲ್ಲಿ ಶೇಕಡ 30ರಷ್ಟು ಕಾರ್ಮಿಕರು, ಶೇಕಡ 21ರಷ್ಟು ವಿದ್ಯಾರ್ಥಿಗಳು. ಉಳಿದವರಲ್ಲಿ ಶಿಕ್ಷಕರು, ಪತ್ರಕರ್ತರು, ವಕೀಲರು, ಪಾದ್ರಿಗಳು, ಗೃಹಿಣಿಯರು ಎಲ್ಲರೂ ಇದ್ದರು. ಆಯುಧ ಹಿಡಿದವರೂ ಇದ್ದರು, ಎಂದೂ ಹಿಡಿಯದವರೂ ಇದ್ದರು. ಆಯುಧ ಹಿಡಿದವನಿಗೂ ವಿಚಾರಣೆಯ ಹಕ್ಕು ಇದ್ದೇ ಇದೆ ಎಂಬುದನ್ನು ಇಲ್ಲಿ ಮರೆಯಬಾರದು.

ಈ ಕ್ರಮಕ್ಕೆ 'ಕಾಣೆಯಾಗಿಸುವುದು' ಎಂಬ ಹೆಸರು ಬಂದಿತು. ಇದರ ಹಿಂದಿನ ಲೆಕ್ಕಾಚಾರವನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಕೊಂದರೆ ಶವ ಉಳಿಯುತ್ತದೆ; ಜೈಲಿಗೆ ಹಾಕಿದರೆ ಕಡತ ಉಳಿಯುತ್ತದೆ. ಕಾಣೆಯಾಗಿಸಿದರೆ ಎರಡೂ ಇಲ್ಲ. 1979ರ ಡಿಸೆಂಬರಿನಲ್ಲಿ ಪತ್ರಕರ್ತರ ಮುಂದೆ ವಿದೇಲಾ ಇದನ್ನೇ ಒಂದು ಬಗೆಯ ತರ್ಕವಾಗಿ ಮಂಡಿಸಿದ. ಕಾಣೆಯಾದವನು ಸತ್ತವನೂ ಅಲ್ಲ, ಬದುಕಿದವನೂ ಅಲ್ಲ, ಅವನಿಗೆ ಅಸ್ತಿತ್ವವೇ ಇಲ್ಲ ಎಂಬುದು ಆತನ ಮಾತಿನ ಸಾರ. ಅಸ್ತಿತ್ವವೇ ಇಲ್ಲದವನಿಗೆ ಹಕ್ಕು ಎಲ್ಲಿಂದ ಬರಬೇಕು?

ಹದಿನಾಲ್ಕು ಮಂದಿ

ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಮೊದಲು ಹೋದದ್ದು ಕಾನೂನಿನ ಬಾಗಿಲಿಗೇ. ಪೊಲೀಸ್ ಠಾಣೆ, ಸೇನೆಯ ಬ್ಯಾರಕ್ಕು, ಆಸ್ಪತ್ರೆ, ಶವಾಗಾರ, ಗೃಹ ಸಚಿವಾಲಯ ಹೀಗೆ ಒಂದೊಂದು ಕಡೆಯೂ ಸಾಲಿನಲ್ಲಿ ನಿಂತರು. ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸಲ್ಲಿಸಿದರು. ಅಂಥ ವ್ಯಕ್ತಿ ನಮ್ಮ ವಶದಲ್ಲಿಲ್ಲ ಎಂದು ಅಧಿಕಾರಿಗಳು ಬರೆದುಕೊಡುತ್ತಿದ್ದರು, ನ್ಯಾಯಾಲಯಗಳು ಅರ್ಜಿಯನ್ನು ಮುಗಿಸುತ್ತಿದ್ದವು. ಗಂಡಸರು ಕೆಲಸ ಬಿಟ್ಟು ದಿನವಿಡೀ ಅಲೆಯುವಂತಿರಲಿಲ್ಲ. ಅವರನ್ನು ಬಂಧಿಸುವ ಸಂಭವವೂ ಹೆಚ್ಚಾಗಿತ್ತು. ಹೀಗಾಗಿ ಈ ಅಲೆದಾಟ ಹೆಚ್ಚಾಗಿ ತಾಯಂದಿರ ಪಾಲಿಗೆ ಬಂತು. ಒಂದೇ ಮುಖಗಳು ಒಂದೇ ಸಾಲುಗಳಲ್ಲಿ ಮತ್ತೆ ಮತ್ತೆ ಎದುರಾದವು. ಪರಿಚಯ ಬೆಳೆಯಿತು.

ಅವರಲ್ಲಿ ಒಬ್ಬರು ಅಸುಸೇನಾ ವಿಯಾಫ್ಲೋರ್. ಕಾರ್ಮಿಕ ಕುಟುಂಬದಲ್ಲಿ ಹುಟ್ಟಿದವರು, ನಾಲ್ಕು ಮಕ್ಕಳ ತಾಯಿ. 1976ರ ನವೆಂಬರ್ 30ರಂದು ಅವರ ಮಗ ನೆಸ್ತೊರ್ ಮತ್ತು ಆತನ ಸಂಗಾತಿಯನ್ನು ಒಯ್ಯಲಾಗಿತ್ತು. ಒಬ್ಬೊಬ್ಬರೇ ಬಾಗಿಲು ತಟ್ಟಿದರೆ ಏನೂ ಆಗದು, ಎಲ್ಲರೂ ಸೇರಿ ಅಧ್ಯಕ್ಷರ ಭವನದ ಮುಂದಿನ ಚೌಕಕ್ಕೇ ಹೋಗಬೇಕು ಎಂಬ ಸಲಹೆ ಕೊಟ್ಟವರು ಇವರು.

ಆ ಚೌಕದ ಹೆಸರು ಪ್ಲಾಸಾ ದೆ ಮಾಯೊ, ಎಂದರೆ ಮೇ ಚೌಕ. 1810ರ ಮೇ ತಿಂಗಳಲ್ಲಿ ಸ್ಪೇನಿನ ಆಳ್ವಿಕೆಗೆ ಎದುರಾಗಿ ಜನ ಸೇರಿದ್ದು ಅಲ್ಲಿಯೇ. ಒಂದು ಬದಿಗೆ ಅಧ್ಯಕ್ಷರ ಗುಲಾಬಿ ಬಣ್ಣದ ಭವನ, ಇನ್ನೊಂದು ಬದಿಗೆ ಪ್ರಧಾನ ಚರ್ಚು, ನಡುವೆ ಆ ಕ್ರಾಂತಿಯ ನೆನಪಿಗೆ ನಿಲ್ಲಿಸಿದ ಬಿಳಿಯ ಸ್ತಂಭ. 1977ರ ಏಪ್ರಿಲ್ 30ರಂದು ಹದಿನಾಲ್ಕು ಮಂದಿ ತಾಯಂದಿರು ಅಲ್ಲಿ ಸೇರಿದರು. ಅಂದು ಶನಿವಾರ. ಕಚೇರಿಗಳಿಗೆ ರಜೆ, ಚೌಕ ಖಾಲಿ. ತಮ್ಮನ್ನು ಯಾರೂ ನೋಡುತ್ತಿಲ್ಲ ಎಂಬುದು ಅವರಿಗೆ ಹೊಳೆಯಿತು. ದಿನವನ್ನು ಬದಲಾಯಿಸಿ ಕೊನೆಗೆ ಗುರುವಾರ ಮಧ್ಯಾಹ್ನ ಮೂರೂವರೆ ಗಂಟೆ ಎಂದು ನಿಶ್ಚಯಿಸಿದರು. ಅದು ಜನ ಓಡಾಡುವ ಹೊತ್ತು.

ಆಗ ತುರ್ತುಸ್ಥಿತಿ ಜಾರಿಯಲ್ಲಿತ್ತು. ಗುಂಪುಗೂಡಿ ನಿಲ್ಲುವಂತಿರಲಿಲ್ಲ. ನಿಲ್ಲಬೇಡಿ, ನಡೆಯಿರಿ ಎಂದು ಪೊಲೀಸರು ಆಜ್ಞೆ ಮಾಡಿದರು. ತಾಯಂದಿರು ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ಇಬ್ಬಿಬ್ಬರಾಗಿ ತೋಳು ಹಿಡಿದು ಸ್ತಂಭದ ಸುತ್ತ ನಡೆಯತೊಡಗಿದರು. ಜಗತ್ತಿಗೆ ಪರಿಚಿತವಾದ ಆ ವೃತ್ತಾಕಾರದ ನಡಿಗೆ ಹುಟ್ಟಿದ್ದು ಹೀಗೆ, ನಿಷೇಧಾಜ್ಞೆಯ ಒಳಗಿನಿಂದಲೇ. ಪೊಲೀಸರು ಒಬ್ಬರ ಗುರುತಿನ ಚೀಟಿಯನ್ನು ಕೇಳಿದರೆ ಉಳಿದವರೆಲ್ಲರೂ ತಮ್ಮ ತಮ್ಮ ಚೀಟಿಗಳನ್ನು ಮುಂದೆ ಚಾಚುತ್ತಿದ್ದರು. ಅಷ್ಟನ್ನೂ ಪರಿಶೀಲಿಸುವಷ್ಟು ಹೊತ್ತು ಚೌಕದಲ್ಲಿ ಇರುವ ಅವಕಾಶ ಅವರಿಗೆ ಸಿಗುತ್ತಿತ್ತು.

1977ರ ಅಕ್ಟೋಬರಿನಲ್ಲಿ ಲುಹಾನ್ ಎಂಬ ಊರಿನ ಮಾತೆ ಮೇರಿಯ ಕ್ಷೇತ್ರಕ್ಕೆ ದೊಡ್ಡ ಪಾದಯಾತ್ರೆ ನಡೆಯಿತು. ಆ ಜನಸಂದಣಿಯಲ್ಲಿ ಪರಸ್ಪರ ಗುರುತು ಹಿಡಿಯಲು ತಾಯಂದಿರು ಮಕ್ಕಳ ಬಿಳಿಯ ಬಟ್ಟೆಯ ಲಂಗೋಟಿಗಳನ್ನೇ ತಲೆಗೆ ಕಟ್ಟಿಕೊಂಡರು. ಮಕ್ಕಳಿದ್ದ ಎಲ್ಲ ಮನೆಗಳಲ್ಲೂ ಆ ಬಟ್ಟೆ ಇದ್ದೇ ಇತ್ತು. ಮುಂದೆ ಬಿಳಿಯ ತಲೆವಸ್ತ್ರವೇ ಅವರ ಚಿಹ್ನೆಯಾಯಿತು. ಅದರ ಮೇಲೆ ಮಕ್ಕಳ ಹೆಸರುಗಳನ್ನು ಕಸೂತಿ ಹಾಕಿದರು. ಹೆಸರೇ ಇಲ್ಲವೆಂದ ಆಡಳಿತದ ಕಣ್ಣೆದುರಿಗೆ ಹೆಸರುಗಳು ನಡೆದಾಡತೊಡಗಿದವು. ಆಳುವವರು ಇವರನ್ನು ಹುಚ್ಚಿಯರೆಂದು ಕರೆದು ಕಡೆಗಣಿಸಿದರು.

ಒಂದು ಜಾಹೀರಾತಿನ ಬೆಲೆ

ಕಡೆಗಣಿಸುವಿಕೆ ಬಹಳ ಕಾಲ ಉಳಿಯಲಿಲ್ಲ. ತಮ್ಮ ಮಕ್ಕಳ ಹೆಸರುಗಳ ಪಟ್ಟಿಯನ್ನು ಪತ್ರಿಕೆಯಲ್ಲಿ ಹಣ ಕೊಟ್ಟು ಜಾಹೀರಾತಾಗಿ ಪ್ರಕಟಿಸಬೇಕೆಂದು ತಾಯಂದಿರು ತೀರ್ಮಾನಿಸಿದರು. ಡಿಸೆಂಬರ್ 10 ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ದಿನ. ಅಂದೇ ಅದು ಅಚ್ಚಾಗಬೇಕೆಂಬುದು ಅವರ ಆಸೆ. ಹಣ ಸಂಗ್ರಹಿಸಲು ಸಾಂತಾ ಕ್ರುಸ್ ಎಂಬ ಚರ್ಚಿನಲ್ಲಿ ಸಭೆ ಸೇರುತ್ತಿದ್ದರು. ತನ್ನ ಅಣ್ಣ ಕಾಣೆಯಾಗಿದ್ದಾನೆಂದು ಹೇಳಿಕೊಂಡು ಹೊಂಬಣ್ಣದ ಕೂದಲಿನ ತರುಣನೊಬ್ಬ ಅವರ ಜೊತೆ ಸೇರಿದ್ದ. ಅವರು ಆತನನ್ನು ಮಗನಂತೆ ಕಂಡಿದ್ದರು. ಆತ ನೌಕಾಪಡೆಯ ಗೂಢಚಾರ, ಅಧಿಕಾರಿ ಅಲ್ಫ್ರೆದೊ ಅಸ್ತೀಸ್.

1977ರ ಡಿಸೆಂಬರ್ 8ರಿಂದ 10ರವರೆಗಿನ ಮೂರು ದಿನಗಳಲ್ಲಿ ಆ ಗುಂಪಿಗೆ ಸಂಬಂಧಿಸಿದ 12 ಮಂದಿಯನ್ನು ಅಪಹರಿಸಲಾಯಿತು. ಅವರಲ್ಲಿ ಎಸ್ತೆರ್ ಬಾಯೆಸ್ತ್ರಿನೊ, ಮರಿಯಾ ಪೊನ್ಸೆ ಎಂಬ ಇಬ್ಬರು ತಾಯಂದಿರಿದ್ದರು. ಅವರಿಗೆ ನೆರವಾಗುತ್ತಿದ್ದ ಆಲಿಸ್ ದೊಮೊಂ ಮತ್ತು ಲಿಯೊನಿ ದ್ಯುಕೆ ಎಂಬ ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿನಿಯರಿದ್ದರು. ಡಿಸೆಂಬರ್ 10ರಂದು ಜಾಹೀರಾತು ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ದಿನ ಮನೆಯ ಸಮೀಪದಲ್ಲೇ ಅಸುಸೇನಾ ಅವರನ್ನೂ ಎಳೆದೊಯ್ದರು.

ಇವರಲ್ಲಿ ಎಸ್ತೆರ್ ಅವರ ವಿಷಯ ವಿಶೇಷವಾಗಿ ಗಮನಿಸತಕ್ಕದ್ದು. ಅವರ ಹದಿನಾರು ವರ್ಷದ ಗರ್ಭಿಣಿ ಮಗಳನ್ನು ಒಯ್ದಿದ್ದರು. ಕೆಲವು ತಿಂಗಳ ನಂತರ ಆಕೆ ಬಿಡುಗಡೆಯಾದಳು. ಎಸ್ತೆರ್ ಮಕ್ಕಳನ್ನು ದೇಶದ ಹೊರಗೆ ಸುರಕ್ಷಿತವಾಗಿ ಸೇರಿಸಿ ತಾವೂ ಅಲ್ಲೇ ಉಳಿಯಬಹುದಾಗಿತ್ತು. ಅವರು ಉಳಿಯಲಿಲ್ಲ. ಉಳಿದ ತಾಯಂದಿರ ಮಕ್ಕಳು ಸಿಗುವ ತನಕ ತನ್ನ ಕೆಲಸ ಮುಗಿಯದೆಂದು ಚೌಕಕ್ಕೆ ಮರಳಿದರು. ತನ್ನ ಮಗುವಿಗಾಗಿ ಹೋರಾಡುವುದು ತಾಯಿಯ ಸಹಜ ಧರ್ಮ. ತನ್ನ ಮಗು ಸಿಕ್ಕಿದ ಮೇಲೂ ಮರಳಿ ಬಂದಾಗ ಅದು ಎಲ್ಲರ ಹಕ್ಕಿಗಾಗಿ ನಡೆಸುವ ಹೋರಾಟವಾಗುತ್ತದೆ. ಈ ಚಳವಳಿ ಒಂದು ಮೆಟ್ಟಿಲು ಮೇಲೇರಿದ್ದು ಇಲ್ಲಿಯೇ.

ಮೊದಲ ಹೆಜ್ಜೆ ಇಟ್ಟ ಮೂವರನ್ನು ಕಳೆದುಕೊಂಡ ಮೇಲೆ ಚಳವಳಿ ಅಲ್ಲಿಗೇ ಮುಗಿಯುತ್ತದೆಂದು ಸೇನೆ ಎಣಿಸಿತ್ತು. ಕೆಲವರು ಹೆದರಿ ದೂರವಾದರು, ಅದು ಸಹಜವೇ. ಆದರೆ ಉಳಿದವರು ಮತ್ತೆ ಗುರುವಾರಗಳಂದು ಬಂದರು. 1978ರ ಜೂನ್‌ನಲ್ಲಿ ವಿಶ್ವ ಕಪ್ ಫುಟ್ಬಾಲ್ ಪಂದ್ಯಾವಳಿ ಅರ್ಜೆಂಟೀನಾದಲ್ಲೇ ನಡೆಯಿತು. ಉದ್ಘಾಟನೆಯ ದಿನವಾದ ಜೂನ್ 1 ಗುರುವಾರವಾಗಿತ್ತು. ಹಾಲೆಂಡಿನ ದೂರದರ್ಶನ ತಂಡವೊಂದು ಕ್ರೀಡಾಂಗಣವನ್ನು ಬಿಟ್ಟು ಚೌಕಕ್ಕೆ ಬಂದು ತಾಯಂದಿರ ಮಾತುಗಳನ್ನು ಚಿತ್ರೀಕರಿಸಿತು. ದೇಶದೊಳಗೆ ಯಾರೂ ತೋರಿಸದ ದೃಶ್ಯವನ್ನು ಹೊರಗಿನ ಜಗತ್ತು ನೋಡಿತು. 1979ರ ಸೆಪ್ಟೆಂಬರಿನಲ್ಲಿ ಅಮೆರಿಕ ಖಂಡದ ದೇಶಗಳ ಮಾನವ ಹಕ್ಕುಗಳ ಆಯೋಗ ಬ್ಯೂನಸ್ ಐರಿಸ್‌ಗೆ ಬಂದಾಗ ದೂರು ಕೊಡುವವರ ಸಾಲು ಬೀದಿಯುದ್ದಕ್ಕೂ ಬೆಳೆಯಿತು. ಆಯೋಗ 5,580 ದೂರುಗಳನ್ನು ಸ್ವೀಕರಿಸಿತು. ಠಾಣೆಯ ಪುಸ್ತಕದಲ್ಲಿ ಇಲ್ಲದಿದ್ದ ಹೆಸರುಗಳು ಈಗ ಮತ್ತೊಂದು ಪುಸ್ತಕದಲ್ಲಿ ದಾಖಲಾದವು.

ಅಜ್ಜಿಯರ ಪ್ರಶ್ನೆ, ವಿಜ್ಞಾನದ ಉತ್ತರ

ಒಯ್ಯಲ್ಪಟ್ಟ ಯುವತಿಯರಲ್ಲಿ ಅನೇಕರು ಗರ್ಭಿಣಿಯರಾಗಿದ್ದರು. ಬಂಧನ ಕೇಂದ್ರಗಳಲ್ಲಿ ಹೆರಿಗೆಯಾಗುವವರೆಗೆ ಅವರನ್ನು ಜೀವಂತ ಇಟ್ಟು, ಆಮೇಲೆ ಕೊಂದು, ಕೂಸುಗಳನ್ನು ಸೇನೆ ಮತ್ತು ಪೊಲೀಸ್ ಅಧಿಕಾರಿಗಳ ಮನೆಗಳಿಗೋ ಅವರ ಪರಿಚಿತರಿಗೋ ಕೊಡಲಾಯಿತು. ಹೆಸರು, ಹುಟ್ಟಿದ ದಿನ, ತಂದೆತಾಯಿಯರ ವಿವರ ಎಲ್ಲವನ್ನೂ ಸುಳ್ಳಾಗಿ ಬರೆದ ಜನನ ಪತ್ರಗಳು ತಯಾರಾದವು. ಹೀಗೆ ಕದ್ದ ಮಕ್ಕಳ ಸಂಖ್ಯೆ ಸುಮಾರು 500 ಎಂದು ಅಂದಾಜು.

1977ರ ಅಕ್ಟೋಬರಿನಲ್ಲಿ ಹನ್ನೆರಡು ಮಂದಿ ಅಜ್ಜಿಯರು ಪ್ರತ್ಯೇಕವಾಗಿ ಸಂಘಟಿತರಾದರು. ಕಾಣೆಯಾದ ಮಕ್ಕಳ ಜೊತೆಗೆ ಅವರ ಮಕ್ಕಳನ್ನೂ ಹುಡುಕುವುದು ಇವರ ಗುರಿ. ಉಪಾಹಾರ ಗೃಹಗಳಲ್ಲಿ ಹುಟ್ಟುಹಬ್ಬದ ನೆಪದಲ್ಲಿ ಸೇರಿ ಮಾಹಿತಿ ಹಂಚಿಕೊಳ್ಳುತ್ತಿದ್ದರು. ದೂರವಾಣಿಯಲ್ಲಿ ಸಂಕೇತ ಪದಗಳನ್ನು ಬಳಸುತ್ತಿದ್ದರು. ಪೋಪ್ ಅವರಿಗೆ 'ಬಿಳಿಯ ಮನುಷ್ಯ' ಎಂಬ ಹೆಸರಿತ್ತು. ಯಾವ ಅಧಿಕಾರಿಯ ಮನೆಗೆ ಇದ್ದಕ್ಕಿದ್ದಂತೆ ಮಗು ಬಂದಿದೆ ಎಂಬ ಗುಟ್ಟಿನ ಸುಳಿವುಗಳು ಜನರಿಂದ ಬರುತ್ತಿದ್ದವು. ಆದರೆ ಒಂದು ದೊಡ್ಡ ಸಮಸ್ಯೆ ಇತ್ತು. ಆ ಮಗು ತಮ್ಮದೇ ಮೊಮ್ಮಗು ಎಂದು ನ್ಯಾಯಾಲಯದಲ್ಲಿ ಸಾಧಿಸುವುದು ಹೇಗೆ? ಕಾಗದಪತ್ರಗಳೆಲ್ಲ ಸುಳ್ಳು. ಹೋಲಿಸಿ ನೋಡೋಣವೆಂದರೆ ತಂದೆತಾಯಿಗಳು ಇಲ್ಲ.

ರಕ್ತಪರೀಕ್ಷೆಯಿಂದ ತಂದೆಯನ್ನು ಗುರುತಿಸಬಹುದೆಂಬ ಸುದ್ದಿ ಅಜ್ಜಿಯರ ಕಿವಿಗೆ ಬಿದ್ದಿತ್ತು. ತಂದೆಯಿಲ್ಲದಿದ್ದರೆ ಅಜ್ಜ ಅಜ್ಜಿಯರ ರಕ್ತ ಸಾಕಾದೀತೇ? ಈ ಪ್ರಶ್ನೆಯನ್ನು ಹೊತ್ತು ಅವರು ದೇಶದಿಂದ ದೇಶಕ್ಕೆ ಹೋದರು, ವಿಜ್ಞಾನಿಗಳ ಬಾಗಿಲು ತಟ್ಟಿದರು. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಮತ್ತು ಇತರರು ಅದಕ್ಕೆ ಗಣಿತದ ಉತ್ತರ ಕೊಟ್ಟರು.

ಅದರ ತತ್ತ್ವ ಕಷ್ಟದ್ದಲ್ಲ. ಪ್ರತಿಯೊಬ್ಬರಿಗೂ ವಂಶವಾಹಿಗಳ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ತಂದೆತಾಯಿಗಳಿಗೆ ಅವು ಬಂದದ್ದು ಅವರ ಹೆತ್ತವರಿಂದ. ಆದ್ದರಿಂದ ಮಗುವಿನ ರಕ್ತಕಣಗಳಲ್ಲಿರುವ ವಿಶೇಷ ಗುರುತುಗಳನ್ನು ನಾಲ್ವರು ಅಜ್ಜ ಅಜ್ಜಿಯರ ಗುರುತುಗಳೊಡನೆ ಹೋಲಿಸಬಹುದು. ಈ ಹೊಂದಾಣಿಕೆ ಕೇವಲ ಆಕಸ್ಮಿಕವಾಗಿರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಬಹುದು. ಇದಕ್ಕೆ 'ಅಜ್ಜಿಯರ ಸೂಚ್ಯಂಕ' ಎಂಬ ಹೆಸರು ಬಂತು. 1984ರಲ್ಲಿ ಇದೇ ಬಗೆಯ ಪರೀಕ್ಷೆಯಿಂದ, ಎರಡು ವರ್ಷ ತುಂಬುವ ಮೊದಲೇ ಅಪಹೃತಳಾಗಿ ಪೊಲೀಸ್ ಅಧಿಕಾರಿಯ ಮನೆಯಲ್ಲಿ ಬೆಳೆದಿದ್ದ ಬಾಲಕಿಯೊಬ್ಬಳು ತನ್ನ ನಿಜವಾದ ಕುಟುಂಬಕ್ಕೆ ಮರಳಿದಳು. ಮುಂದೆ, ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿದು ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ಪರೀಕ್ಷೆ ಇನ್ನೂ ಅನುಕೂಲವಾಯಿತು. ತಾಯಿಯ ತಾಯಿಯಲ್ಲಿ ಇರುವುದೇ ಮೊಮ್ಮಗುವಿನಲ್ಲೂ ಇರುತ್ತದೆ. 1987ರಲ್ಲಿ ಅರ್ಜೆಂಟೀನಾ ಸರ್ಕಾರ ಕಾನೂನಿನ ಮೂಲಕ ರಾಷ್ಟ್ರೀಯ ವಂಶವಾಹಿ ದತ್ತಾಂಶ ಭಂಡಾರವನ್ನು ಸ್ಥಾಪಿಸಿತು. ಅಜ್ಜಿಯರು ತಮ್ಮ ರಕ್ತವನ್ನು ಅಲ್ಲಿ ಇಟ್ಟರು. ತಾವು ಸತ್ತ ಮೇಲೂ ಮೊಮ್ಮಕ್ಕಳು ಬಂದು ಕೇಳಿದರೆ ಉತ್ತರ ಸಿಗಬೇಕೆಂಬುದು ಉದ್ದೇಶ.

ಇದೇ 1984ರಲ್ಲಿ ಅಮೆರಿಕದ ಮೂಳೆಶಾಸ್ತ್ರ ತಜ್ಞ ಕ್ಲೈಡ್ ಸ್ನೋ ಅರ್ಜೆಂಟೀನಾಕ್ಕೆ ಬಂದರು. ಹೆಸರಿಲ್ಲದ ಗೋರಿಗಳನ್ನು ವೈಜ್ಞಾನಿಕವಾಗಿ ತೆರೆಯಲು ಅವರಿಗೆ ಸಹಾಯಕರು ಬೇಕಾಗಿದ್ದರು. ಮುಂದೆ ಬಂದವರು ಮಾನವಶಾಸ್ತ್ರ ಮತ್ತು ವೈದ್ಯಶಾಸ್ತ್ರದ ಕೆಲವು ಕಾಲೇಜು ವಿದ್ಯಾರ್ಥಿಗಳು, ನಿಮ್ಮಂಥವರೇ. ಅವರು ಕಟ್ಟಿದ ನ್ಯಾಯಿಕ ಮಾನವಶಾಸ್ತ್ರ ತಂಡ ಮುಂದೆ ಅನೇಕ ದೇಶಗಳಲ್ಲಿ ಕೆಲಸ ಮಾಡಿತು.

ಆ ತಂಡವೇ ಅಸುಸೇನಾ ಅವರ ಕಥೆಯನ್ನೂ ಪೂರ್ಣಗೊಳಿಸಿತು. 1977ರ ಡಿಸೆಂಬರ್ ಕೊನೆಯ ಭಾಗದಲ್ಲಿ ಅಟ್ಲಾಂಟಿಕ್ ಕರಾವಳಿಯ ಸಣ್ಣ ಊರುಗಳಲ್ಲಿ ಕೆಲವು ಶವಗಳು ದಡಕ್ಕೆ ಬಂದಿದ್ದವು. ಎತ್ತರದಿಂದ ಬಿದ್ದ ಪೆಟ್ಟಿನ ಗುರುತುಗಳನ್ನು ಸ್ಥಳೀಯ ವೈದ್ಯರು ಅಂದೇ ಬರೆದಿಟ್ಟಿದ್ದರು. ಹೆಸರಿಲ್ಲದ ಶವಗಳೆಂದು ಊರಿನ ಸ್ಮಶಾನದಲ್ಲಿ ಅವುಗಳನ್ನು ಹೂಳಲಾಗಿತ್ತು. ಆ ಹಳೆಯ ಕಡತಗಳ ಜಾಡು ಹಿಡಿದು ಹೋದ ತಂಡ 2005ರಲ್ಲಿ ಅಸುಸೇನಾ, ಎಸ್ತೆರ್, ಮರಿಯಾ ಮತ್ತು ಸಂನ್ಯಾಸಿನಿ ದ್ಯುಕೆ ಅವರ ಅವಶೇಷಗಳನ್ನು ಗುರುತಿಸಿತು. ಅದೇ ವರ್ಷದ ಡಿಸೆಂಬರ್ 8ರಂದು ಅಸುಸೇನಾ ಅವರ ಚಿತಾಭಸ್ಮವನ್ನು ಮೇ ಚೌಕದ ಸ್ತಂಭದ ಬುಡದಲ್ಲಿ ಇಡಲಾಯಿತು.

ನ್ಯಾಯದ ಅಂಕುಡೊಂಕು ದಾರಿ

1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ನಿನೊಡನೆ ನಡೆದ ಯುದ್ಧದಲ್ಲಿ ಸೋತ ಮೇಲೆ ಸೇನಾಡಳಿತದ ಬುಡ ಅಲುಗಾಡಿತು. ಇಳಿಯುವ ಮುನ್ನ ಅದು ತನಗೆ ತಾನೇ ಕ್ಷಮಾದಾನ ಕೊಟ್ಟುಕೊಂಡಿತು, ಕಡತಗಳನ್ನು ನಾಶಪಡಿಸಲು ಆಜ್ಞೆ ಮಾಡಿತು. ಅಪರಾಧದ ಸ್ವರೂಪಕ್ಕೆ ತಕ್ಕ ಕೊನೆಯ ಕೆಲಸವೇ ಅದು. ಚುನಾವಣೆಯಲ್ಲಿ ಗೆದ್ದ ರಾವುಲ್ ಅಲ್ಫೊನ್ಸಿನ್ 1983ರ ಡಿಸೆಂಬರ್ 10ರಂದು ಅಧ್ಯಕ್ಷರಾದರು. ಕಾದಂಬರಿಕಾರ ಎರ್ನೆಸ್ತೊ ಸಾಬತೊ ಅವರ ನೇತೃತ್ವದಲ್ಲಿ ತನಿಖಾ ಆಯೋಗವೊಂದು ನೇಮಕವಾಯಿತು. 1984ರಲ್ಲಿ ಅದು ಸಲ್ಲಿಸಿದ ವರದಿಯ ಹೆಸರು 'ನುಂಕಾ ಮಾಸ್', ಎಂದರೆ 'ಇನ್ನೆಂದಿಗೂ ಬೇಡ'. ಅದರಲ್ಲಿ 8,961 ಮಂದಿ ಕಾಣೆಯಾದವರ ವಿವರಗಳಿದ್ದವು. ಪಟ್ಟಿ ಅಪೂರ್ಣವೆಂದು ಆಯೋಗವೇ ಹೇಳಿತು. ಮಾನವ ಹಕ್ಕು ಸಂಘಟನೆಗಳು 30,000 ಎನ್ನುತ್ತವೆ. ಸಂಖ್ಯೆಯ ಬಗ್ಗೆ ಅಲ್ಲಿ ಈಗಲೂ ವಾದವಿವಾದ ನಡೆಯುತ್ತದೆ. ಲೆಕ್ಕ ಸಿಗದಂತೆ ಮಾಡಿದವರು ಯಾರು ಎಂಬುದನ್ನು ಮರೆತು ಲೆಕ್ಕದ ಬಗ್ಗೆ ಜಗಳವಾಡುವುದು ಸರಿಯಾಗದು.

1985ರಲ್ಲಿ ಸೇನಾ ಮುಖ್ಯಸ್ಥರ ವಿಚಾರಣೆ ಸಾಮಾನ್ಯ ನಾಗರಿಕ ನ್ಯಾಯಾಲಯದಲ್ಲಿ ನಡೆಯಿತು. ವಿದೇಲಾ ಮತ್ತು ನೌಕಾಸೇನೆಯ ಎಮಿಲಿಯೊ ಮಸ್ಸೇರಾ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ಆದರೆ ಕಥೆ ಅಲ್ಲಿಗೆ ಸುಖಾಂತ್ಯವಾಗಲಿಲ್ಲ. ಸೇನೆಯ ಒತ್ತಡಕ್ಕೆ ಮಣಿದು 1986 ಮತ್ತು 1987ರಲ್ಲಿ ಮಾಡಿದ ಎರಡು ಕಾನೂನುಗಳು ಹೆಚ್ಚಿನ ಮೊಕದ್ದಮೆಗಳನ್ನು ನಿಲ್ಲಿಸಿದವು. 1990ರಲ್ಲಿ ವಿದೇಲಾನಿಗೆ ಕ್ಷಮಾದಾನವೂ ಸಿಕ್ಕಿತು. ಹೀಗಿದ್ದರೂ ಒಂದು ಕಿಂಡಿ ಉಳಿದಿತ್ತು. ಮಕ್ಕಳ ಅಪಹರಣದ ಅಪರಾಧ ಆ ಕಾನೂನುಗಳ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅಜ್ಜಿಯರು ಹಿಡಿದದ್ದು ಆ ಕಿಂಡಿಯನ್ನೇ. 1998ರಲ್ಲಿ ವಿದೇಲಾ ಮತ್ತೆ ಬಂಧನಕ್ಕೊಳಗಾದ. 2003ರಲ್ಲಿ ಸಂಸತ್ತು ಆ ಎರಡೂ ಕಾನೂನುಗಳನ್ನು ರದ್ದು ಮಾಡಿತು. 2005ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವು ಅಸಾಂವಿಧಾನಿಕವೆಂದು ತೀರ್ಪಿತ್ತಿತು. ಅಸ್ತೀಸ್‌ನಿಗೆ 2011ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮಕ್ಕಳನ್ನು ಯೋಜನಾಬದ್ಧವಾಗಿ ಕದ್ದ ಅಪರಾಧಕ್ಕಾಗಿ 2012ರಲ್ಲಿ ವಿದೇಲಾನಿಗೆ 50 ವರ್ಷಗಳ ಶಿಕ್ಷೆಯಾಯಿತು. ಆತ 2013ರಲ್ಲಿ ಸೆರೆಮನೆಯಲ್ಲೇ ಸತ್ತ.

ಚಳವಳಿಯೊಳಗೂ ಭಿನ್ನಾಭಿಪ್ರಾಯಗಳಿದ್ದವು. 1986ರಲ್ಲಿ ತಾಯಂದಿರ ಸಂಘ ಎರಡಾಗಿ ಒಡೆಯಿತು. ಗೋರಿ ತೆರೆಯುವುದೂ ಸರ್ಕಾರದ ಪರಿಹಾರ ಹಣ ಪಡೆಯುವುದೂ ಮಕ್ಕಳ ಸಾವನ್ನು ಒಪ್ಪಿಕೊಂಡಂತೆ ಎಂದು ಒಂದು ಪಕ್ಷ. ಗುರುತು ಹಿಡಿದು ಗೌರವದಿಂದ ಮಣ್ಣು ಮಾಡುವುದು ಕುಟುಂಬದ ಹಕ್ಕು ಎಂದು ಇನ್ನೊಂದು ಪಕ್ಷ. ಇಬ್ಬರ ನೋವೂ ನಿಜವಾದದ್ದೇ. ಸಿಕ್ಕ ಮೊಮ್ಮಕ್ಕಳ ಪಾಡೂ ಸುಲಭವಾದದ್ದಲ್ಲ. ತನ್ನನ್ನು ಸಾಕಿದವರೇ ತನ್ನ ಹೆತ್ತವರ ಹತ್ಯೆಯಲ್ಲಿ ಭಾಗಿಗಳು ಎಂಬ ಸತ್ಯವನ್ನು ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಎದುರಿಸಬೇಕಾದವರು ಅವರಲ್ಲಿ ಅನೇಕರು.

ಅಜ್ಜಿಯರ ಸಂಘದ ಅಧ್ಯಕ್ಷೆ ಎಸ್ತೇಲಾ ದೆ ಕಾರ್ಲೊಟ್ಟೊ ಶಾಲಾ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಅವರ ಮಗಳು ಲೌರಾಳನ್ನು 1977ರಲ್ಲಿ ಒಯ್ದರು. ಬಂಧನದಲ್ಲಿ ಗಂಡುಮಗುವನ್ನು ಹೆತ್ತ ಆಕೆಯನ್ನು 1978ರ ಆಗಸ್ಟ್‌ನಲ್ಲಿ ಕೊಂದರು. ಎಸ್ತೇಲಾ ಇತರರ ಮೊಮ್ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹುಡುಕುತ್ತಲೇ ಹೋದರು. 2014ರಲ್ಲಿ, ತನ್ನ ಹುಟ್ಟಿನ ಬಗ್ಗೆ ಸಂಶಯ ಬಂದ ಸಂಗೀತಗಾರನೊಬ್ಬ ತಾನಾಗಿಯೇ ಬಂದು ರಕ್ತ ಕೊಟ್ಟ. ಆತನೇ ಅವರ ಮೊಮ್ಮಗ. ಸಂಘ ಪತ್ತೆಹಚ್ಚಿದವರಲ್ಲಿ 114ನೆಯವನು, ವಯಸ್ಸು 36. 2025ರ ವೇಳೆಗೆ ಈ ಸಂಖ್ಯೆ 140 ಮುಟ್ಟಿತ್ತು.

ಈ ಹೋರಾಟದ ಫಲ ಒಂದು ದೇಶಕ್ಕೆ ಸೀಮಿತವಾಗಲಿಲ್ಲ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 8ನೆಯ ವಿಧಿ, ಮಗುವಿಗೆ ತನ್ನ ಗುರುತನ್ನು ಉಳಿಸಿಕೊಳ್ಳುವ ಹಕ್ಕಿದೆ ಎನ್ನುತ್ತದೆ. ಅದು ಸೇರ್ಪಡೆಯಾಗಿದ್ದು ಅರ್ಜೆಂಟೀನಾದ ಅಜ್ಜಿಯರ ಅನುಭವದ ಹಿನ್ನೆಲೆಯಲ್ಲಿ. ಬಲವಂತದ ಕಣ್ಮರೆಯ ವಿರುದ್ಧದ ಅಂತಾರಾಷ್ಟ್ರೀಯ ಒಡಂಬಡಿಕೆ 2006ರಲ್ಲಿ ಅಂಗೀಕಾರವಾಗಿ 2010ರಲ್ಲಿ ಜಾರಿಗೆ ಬಂತು. ಟರ್ಕಿಯ ಇಸ್ತಾಂಬುಲ್ ನಗರದಲ್ಲಿ 1995ರಿಂದ ಶನಿವಾರಗಳಂದು ಕಾಣೆಯಾದವರ ಚಿತ್ರ ಹಿಡಿದು ಕುಳಿತ ತಾಯಂದಿರು ಮೇ ಚೌಕದ ದಾರಿಯನ್ನೇ ಅನುಸರಿಸಿದರು. ನೌಕಾಪಡೆಯ ಆ ಶಾಲೆಯ ಕಟ್ಟಡ ಈಗ ಸ್ಮಾರಕ ಸಂಗ್ರಹಾಲಯ. 2023ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾವು ಕಲಿಯುವುದೇನು?

ಈ ತಾಯಂದಿರ ಬಳಿ ಅಧಿಕಾರವಿರಲಿಲ್ಲ, ಹಣವಿರಲಿಲ್ಲ, ಆಯುಧ ಬೇಕಾಗಿರಲಿಲ್ಲ. ಸರ್ಕಾರವನ್ನು ಅವರೊಬ್ಬರೇ ಉರುಳಿಸಿದರೆಂದು ಹೇಳಿದರೆ ಅದು ಇತಿಹಾಸವಾಗದು. ಯುದ್ಧದ ಸೋಲು, ಆರ್ಥಿಕ ಕುಸಿತ, ಕಾರ್ಮಿಕರ ಮುಷ್ಕರಗಳೂ ಅದಕ್ಕೆ ಕಾರಣಗಳಾಗಿದ್ದವು. ಅವರು ಸಾಧಿಸಿದ್ದು ಬೇರೆಯ ಕೆಲಸ. ಅಳಿಸಿಹಾಕಿದ ದಾಖಲೆಯನ್ನು ಅವರು ಮತ್ತೆ ಬರೆದರು. ಮೊದಲು ತಲೆವಸ್ತ್ರದ ಮೇಲೆ ದಾರದಿಂದ, ಆಮೇಲೆ ಪತ್ರಿಕೆಯ ಜಾಹೀರಾತಿನಲ್ಲಿ, ಆಮೇಲೆ ಆಯೋಗದ ಪುಸ್ತಕದಲ್ಲಿ, ಕೊನೆಗೆ ತಮ್ಮ ರಕ್ತದ ಹನಿಗಳಲ್ಲಿ. ಪ್ರಜಾಸತ್ತೆ ಮರಳಿ ಬಂದಾಗ ನ್ಯಾಯಾಲಯಕ್ಕೆ ಬೇಕಾದ ಪುರಾವೆ ಸಿದ್ಧವಾಗಿದ್ದದ್ದು ಈ ಕಾರಣದಿಂದ.

ಠಾಣೆಯ ದಿನಚರಿ ಪುಸ್ತಕ, ಜನನ ನೋಂದಣಿ, ನ್ಯಾಯಾಲಯದ ಕಡತ ಇವೆಲ್ಲ ನಮಗೆ ನೀರಸ ಸಂಗತಿಗಳಾಗಿ ತೋರಬಹುದು. ಮನುಷ್ಯನ ಹಕ್ಕು ನಿಂತಿರುವುದು ಇಂಥ ನೀರಸ ಸಂಗತಿಗಳ ಮೇಲೆಯೇ. ಅವು ಸರಿಯಾಗಿ ಇವೆಯೇ ಎಂದು ಕೇಳುವುದು ಪ್ರಜೆಯ ಕೆಲಸ, ಕೇಳಿದವರನ್ನು ಹುಚ್ಚರೆನ್ನದೆ ಉತ್ತರ ಕೊಡುವುದು ಸರ್ಕಾರದ ಕೆಲಸ. ಮೊದಲ ತಾಯಂದಿರಲ್ಲಿ ಬಹುಪಾಲು ಈಗ ಉಳಿದಿಲ್ಲ. ಆದರೂ ಗುರುವಾರ ಮಧ್ಯಾಹ್ನ ಮೂರೂವರೆಗೆ ಆ ಸ್ತಂಭದ ಸುತ್ತ ನಡಿಗೆ ಮುಂದುವರಿದಿದೆ. ಹುಡುಕಬೇಕಾದ ಮೊಮ್ಮಕ್ಕಳು ಇನ್ನೂ ಮುನ್ನೂರಕ್ಕೂ ಹೆಚ್ಚು ಇದ್ದಾರೆ.

ಚರ್ಚೆಗೆ ಪ್ರಶ್ನೆಗಳು

1. ಒಬ್ಬ ವ್ಯಕ್ತಿಯನ್ನು ಬಂಧಿಸುವುದಕ್ಕೂ 'ಕಾಣೆಯಾಗಿಸುವುದಕ್ಕೂ' ಇರುವ ವ್ಯತ್ಯಾಸವೇನು? ಹೇಬಿಯಸ್ ಕಾರ್ಪಸ್ ಅರ್ಜಿ ಅಲ್ಲಿ ಏಕೆ ಸೋತಿತು?

2. ಶನಿವಾರದ ಬದಲು ಗುರುವಾರವನ್ನು ಆರಿಸಿಕೊಂಡದ್ದು ಸಣ್ಣ ವಿಷಯವೇ? ಒಂದು ಜನಹೋರಾಟದಲ್ಲಿ ಸ್ಥಳ ಮತ್ತು ಸಮಯದ ಪಾತ್ರವೇನು?

3. ಗೋರಿ ತೆರೆಯುವ ವಿಷಯದಲ್ಲಿ ತಾಯಂದಿರ ಎರಡು ಗುಂಪುಗಳ ವಾದಗಳನ್ನು ತರಗತಿಯಲ್ಲಿ ಎರಡು ತಂಡಗಳಾಗಿ ಮಂಡಿಸಿ.

4. ನಿಮ್ಮ ಊರಿನಲ್ಲಿ ಜನನ, ಮರಣಗಳ ದಾಖಲೆಯನ್ನು ಯಾವ ಕಚೇರಿ ಇಡುತ್ತದೆ? ಅದನ್ನು ಯಾರು ನೋಡಬಹುದು? ವಿಚಾರಿಸಿ ತಿಳಿದುಕೊಳ್ಳಿ.